ನೊರೆಹೊಳೆಗೆ ಬಿಟ್ಟ ಎರಡೆಳೆ

ನನ್ನಂಥ ನೂಲುವವಳು ಈ ಭೂಮಿಯ ಮೇಲೆ ಇನ್ನೊಬ್ಬಳು ಹುಟ್ಟಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಒಪ್ಪಿದೆ. ಬೇರೆ ಯಾರಾದರೂ ಹೇಳಲಿ ಅಂತ ಕಾದೂ ಕಾದೂ ಕೂದಲು ನೆರೆಯಿತು, ಇನ್ನು ಕಾಯುವ ತಾಳ್ಮೆ ಇಲ್ಲ. ನಾನು ರಾಟೆಯ ಮುಂದೆ ಕೂತು ತೆಗೆದ ಎಳೆಯನ್ನು ಬಿಸಿಲಿಗೆ ಹಿಡಿದರೆ ಅದಕ್ಕೆ ನೆರಳು ಬೀಳುತ್ತಿರಲಿಲ್ಲ, ಅಷ್ಟು ಸಣ್ಣ. ಎರಡು ಗೂಟಕ್ಕೆ ಬಿಗಿದು ಮೀಟಿದರೆ ಹಿಂದಿನ ಬೀದಿಯ ನಾಯಿಗಳು ಎದ್ದು ಕೂತು ಕಿವಿ ನಿಮಿರಿಸುತ್ತಿದ್ದವು, ಅಷ್ಟು ಹುರಿ. ಒಮ್ಮೆ ನನ್ನ ಒಂದೇ ಒಂದು ಎಳೆಗೆ ಎಮ್ಮೆ ಕಟ್ಟಿಹಾಕಿದ್ದೆ. ಎಮ್ಮೆ ಕಿತ್ತುಕೊಂಡು ಓಡಿತು ಅಂತ ನಮ್ಮ ಅತ್ತಿಗೆ ಊರೆಲ್ಲ ಹೇಳಿಕೊಂಡು ಬಂದಳು. ಓಡಿದ್ದು ನಿಜ. ಕಿತ್ತದ್ದು ಗೂಟ, ನೂಲಲ್ಲ.

ನಮ್ಮೂರನ್ನು ನೀವು ನೋಡಿರಲಾರಿರಿ. ದಾರಿ ಕೇಳಿದವರಿಗೆ ನಾವು, ಅಂಟುವಾಳ ಕಿವುಚಿದ ವಾಸನೆ ಎತ್ತಲಿಂದ ಬರುತ್ತದೋ ಅತ್ತ ನಡೀರಿ ಅನ್ನುತ್ತೇವೆ. ಊರ ನಡುವೆ ಹರಿಯುವುದು ನೀರಲ್ಲ, ನೊರೆ. ಮೇಲಿನ ಬಂಡೆಗಳ ಸಂದಿನಿಂದ ಉಕ್ಕಿ ಬಂದು, ಎರಡು ಕಲ್ಲುಕಟ್ಟೆಗಳ ನಡುವೆ ತುಂಬು ಬಸುರಿಯ ಹಾಗೆ ನಿಧಾನವಾಗಿ ನಡೆದು, ಊರ ಕೊನೆಯಲ್ಲಿ ಗಂಟಲು ಅಂತ ಕರೆಯುವ ಇಕ್ಕಟ್ಟಿನಲ್ಲಿ ನುಗ್ಗಿ ಹೋಗುತ್ತದೆ. ಎದೆಮಟ್ಟ ಇರುತ್ತದೆ. ನಾನು ಕುಳ್ಳಿ, ನನಗೆ ಗದ್ದದಮಟ್ಟ. ಹರಿಯುವಾಗ ಇಳಿದರೆ ಕಾಲು ನೆಲ ಹಿಡಿಯುವುದಿಲ್ಲ, ಸೇತುವೆ ಹಾಕಿದರೆ ನೊರೆ ಉಬ್ಬಿ ಅದನ್ನು ಎತ್ತಿ ಪಕ್ಕಕ್ಕಿಡುತ್ತದೆ. ಹಾಗಾಗಿ ಈಚೆದಡದವರು ಈಚೆ, ಆಚೆದಡದವರು ಆಚೆ. ಮಾಗಿ ಕಳೆದ ಮೇಲೆ ಯಾವುದೋ ಒಂದು ದಿನ, ಯಾವ ದಿನ ಅಂತ ಯಾರಿಗೂ ಹೇಳದೆ, ನೊರೆ ನಿಲ್ಲುತ್ತದೆ. ಅವತ್ತು ಮೊಸರು ಬಗೆದ ಹಾಗೆ ಕೈಯಲ್ಲಿ ನೊರೆ ಬಗೆದುಕೊಂಡು ಜನ ದಾಟುತ್ತಾರೆ, ತವರು ನೋಡುತ್ತಾರೆ, ಉಂಡು ಅತ್ತು ವಾಪಸ್ಸು ಬರುತ್ತಾರೆ. ಹೊತ್ತು ಇಳಿಯುವಾಗ ನೊರೆ ಮತ್ತೆ ಹೊರಡುತ್ತದೆ. ಆಗ ನೀವು ಯಾವ ದಡದಲ್ಲಿದ್ದೀರೋ ಮುಂದಿನ ವರ್ಷದವರೆಗೆ ಅದೇ ನಿಮ್ಮ ದಡ.

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರನ್ನು ಬಿಟ್ಟರೆ ನಮ್ಮೂರಲ್ಲಿ ನೆಂಟಸ್ತಿಕೆಯೆಲ್ಲ ನೂಲಿನದು. ಗಂಡ ಹೆಂಡತಿ ಆಗಬೇಕಾದವರು, ಮಗು ಸಾಕಿಕೊಳ್ಳಬೇಕಾದವರು, ಯಾರೇ ಆಗಲಿ, ತಂತಮ್ಮ ಕೈಯಾರೆ ಒಂದೊಂದು ಮಾರುದ್ದದ ಎಳೆ ನೂತು ಮೇಲಿನ ಕಟ್ಟೆಯಿಂದ ಹೊಳೆಗೆ ಬಿಡಬೇಕು. ಗಂಟಲಿನ ಕೆಳಗೆ ಬಿದಿರಿನ ದೊಡ್ಡ ಬಾಚಣಿಗೆ ನೆಟ್ಟಿದ್ದಾರೆ. ಎರಡೂ ಎಳೆ ಬಂದು ಅದಕ್ಕೆ ಸಿಕ್ಕಿಕೊಳ್ಳುವಾಗ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಅವರು ನೆಂಟರು, ಬೇರೆ ಬೇರೆ ಬಂದರೆ ಅಲ್ಲ. ಬಾಚಣಿಗೆ ಕಾಯುವ ಕರಿಬಸಪ್ಪನವರು ನೋಡಿ ‘ಹೆಣೆದಿದೆ’ ಅಥವಾ ‘ಹೆಣೆದಿಲ್ಲ’ ಅನ್ನುತ್ತಾರೆ. ಅವರ ಬಾಯಲ್ಲಿ ಇವೆರಡು ಬಿಟ್ಟು ಮೂರನೆಯ ಮಾತು ಬರುವುದು ಅಪರೂಪ. ಗಂಡ ತೀರಿಕೊಂಡರೆ ಅವನ ಎಳೆಯನ್ನು ಬಿಡಿಸಿ ಅವನ ಜೊತೆಗೇ ಕಳಿಸಿಕೊಡುತ್ತಾರೆ. ಹೆಂಡತಿಯ ಎಳೆ ಒಂಟಿಯಾಗುತ್ತದೆ. ಒಂಟಿ ಎಳೆಯವಳು ನೊರೆ ನಿಂತ ದಿನ ತಾನು ಹುಟ್ಟಿದ ದಡಕ್ಕೆ ಹೋಗಿಬಿಡಬೇಕು. ಅದಕ್ಕೆ ಮೊದಲೇ ಆ ಮನೆಯ ಬೇರೆ ಯಾರ ಜೊತೆಗಾದರೂ ಹೆಣೆದುಕೊಂಡರೆ ಮಾತ್ರ ಉಳಿಯಬಹುದು.

ನಮ್ಮಣ್ಣ ಗಿರಿಯಪ್ಪ ಆ ವರ್ಷ ದೀಪಾವಳಿ ಆದ ಮೇಲೆ ತೀರಿಕೊಂಡ. ಅವರಿಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ಅತ್ತಿಗೆ ಸಾಕಮ್ಮ ಮತ್ತು ನಾನು, ತುಂಗಮ್ಮ. ಅತ್ತಿಗೆಯನ್ನು ಊರೆಲ್ಲ ‘ನೀವು’ ಅನ್ನುತ್ತದೆ. ನಾನು ಅವಳ ಜೊತೆ ಒಂದೇ ಒಲೆ ಊದಿದವಳು, ನನಗೆ ‘ನೀನು’. ಅವಳು ಆಚೆದಡದ ಹೆಣ್ಣು, ಲಂಗ ಉಡುವ ವಯಸ್ಸಿಗೇ ನಮ್ಮ ಮನೆಗೆ ಬಂದವಳು. ಬಂದ ದಿನವೇ ನನ್ನ ಜೊತೆ ಜಗಳ ಆಡಿದವಳು. ಆ ಜಗಳ ಇನ್ನೂ ಮುಗಿದಿಲ್ಲ.

ಅವಳು ಉಳಿಯಬೇಕಾದರೆ ನನ್ನ ಜೊತೆ ಹೆಣೆದುಕೊಳ್ಳಬೇಕು. ಇದು ಗೊತ್ತಾದ ಕೂಡಲೇ ಕಟ್ಟೆಯ ಮೇಲೆ ಕೂತ ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದರು. ನಕ್ಕರೋ ಮರುಗಿದರೋ ತಿಳಿಯಲಿಲ್ಲ. ಯಾಕೆಂದರೆ ನನ್ನ ನೂಲು ಅವತ್ತಿನವರೆಗೆ ಯಾರ ನೂಲಿಗೂ ಹೆಣೆದುಕೊಂಡಿರಲಿಲ್ಲ. ಪ್ರಾಯದಲ್ಲಿ ನನ್ನನ್ನು ಕೇಳಿಕೊಂಡು ಬಂದ ಗಂಡುಗಳ ಸಾಲು ಮೇಲಿನ ಬಂಡೆಯಿಂದ ಗಂಟಲಿನವರೆಗೆ ನಿಂತಿತ್ತು. ಅತ್ತಿಗೆ ಹೇಳುವ ಪ್ರಕಾರ ಇಬ್ಬರು. ಎಷ್ಟಾದರೂ ಇರಲಿ, ನನ್ನ ಎಳೆ ನೊರೆಗೆ ಬಿದ್ದರೆ ಗುಳ್ಳೆಗಳು ದೊರೆಸಾನಿ ಬಂದಳು ಅಂತ ಸರಿದು ದಾರಿ ಬಿಡುತ್ತಿದ್ದವು. ಬಾಣದ ಹಾಗೆ ನೆಟ್ಟಗೆ ಹೋಗಿ ಬಾಚಣಿಗೆಗೆ ಒಂಟಿಯಾಗಿ ನಿಲ್ಲುತ್ತಿತ್ತು. ಪಾಪ, ಗಂಡುಗಳ ನೂಲು ಎಲ್ಲೋ ಹಿಂದೆ. ನಾನು ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ.

“ಹೋಗ್ತೀಯಾ ಅತ್ತಿಗೆ?” ಅಂತ ಕೇಳಿದೆ ಒಂದು ಮಧ್ಯಾಹ್ನ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. “ಇನ್ನೇನು ಮಾಡ್ಲಿ. ನಿನ್ನ ನೂಲಿನ ಜೊತೆ ಹೆಣ್ಕೊಳ್ಳೋಕೆ ನನ್ನದೇನು ಕಬ್ಬಿಣದ ಸರಿಗೆಯೇ?” ಅಂದಳು. “ಹೋಗು ಹೋಗು. ಮನೇಲಿ ಜಾಗ ಆಗ್ತದೆ. ರಾಟೆ ನಡುಮನೆಗೇ ಹಾಕ್ಕೊಳ್ತೀನಿ,” ಅಂದೆ. “ನಿನ್ನ ಹೊಟ್ಟೆ ಗತಿ?” “ನಾನು ಸಾರಿಗೆ ಒಗ್ಗರಣೆ ಹಾಕಿದ್ರೆ ಆಚೆದಡದವರಿಗೂ ಬಾಯಲ್ಲಿ ನೀರು ಬರ್ತದೆ.” “ಬರ್ತದೆ, ಕಣ್ಣಲ್ಲಿ,” ಅಂದಳು. ಆಮೇಲೆ ಬೀಜ ಬಿಡಿಸುವುದನ್ನು ನಿಲ್ಲಿಸಿ, “ನನ್ನ ತಮ್ಮಂದಿರು ಒಳ್ಳೆಯವರು ಕಣೇ. ಆದರೆ ವರ್ಷಕ್ಕೊಂದು ದಿನ ನೋಡಿದ ಮುಖ. ಜಗಳ ಆಡೋವಷ್ಟು ಪರಿಚಯ ಇಲ್ಲ,” ಅಂದಳು.

“ನಾಳೆ ಎಳೆ ಬಿಡೋಣ ತಗೋ,” ಅಂದು ಎದ್ದುಹೋದೆ.

ಮೊದಲ ದಿನ ನಾನು ನನ್ನ ವಿದ್ಯೆಯೆಲ್ಲ ಸುರಿದು ನೂತೆ. ಇಂಥ ಎಳೆ ನೋಡಿದರೆ ಯಾವ ನೂಲಿಗಾದರೂ ಬಂದು ತಬ್ಬಿಕೊಳ್ಳೋಣ ಅನ್ನಿಸದೆ ಇರುವುದಿಲ್ಲ ಎಂಬುದು ನನ್ನ ಲೆಕ್ಕ. ಅತ್ತಿಗೆ ನೂತದ್ದು ಎಂದಿನಂತೆ: ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಡುನಡುವೆ ಹತ್ತಿಯ ಗಂಟು, ಹುರಿಯೇ ಇಲ್ಲ, ನೆನೆದ ಶಾವಿಗೆಯ ಹಾಗೆ ಜೋತುಬೀಳುವುದು. ಮೇಲಿನ ಕಟ್ಟೆಯಿಂದ ಎರಡನ್ನೂ ಅಂಚಿಗೇ ಬಿಟ್ಟು ನಾವು ಕಟ್ಟೆಯ ಮೇಲೆ ನಡೆಯುತ್ತಾ ಹಿಂಬಾಲಿಸಿದೆವು. ಬೆಳ್ಳನೆಯ ನೊರೆಯಲ್ಲಿ ಬೆಳ್ಳನೆಯ ನೂಲು ಕಾಣುವ ಕಣ್ಣು ಊರಲ್ಲಿ ನನ್ನದೊಂದೇ.

ನೊರೆ ನೀರಿನ ಹಾಗೆ ಹರಿಯುವುದಿಲ್ಲ. ಹೊಳೆಯ ನಡುವಿನ ನೊರೆ ರಾಗಿಮುದ್ದೆಯ ಹಾಗೆ ಇಡಿಗೆ ಇಡಿಯೇ ಸಾಗುತ್ತದೆ. ಅಲ್ಲಿ ಪಕ್ಕದಲ್ಲಿದ್ದ ಗುಳ್ಳೆ ಊರು ದಾಟುವವರೆಗೂ ಪಕ್ಕದಲ್ಲೇ. ಕಟ್ಟೆಯ ಕಲ್ಲಿಗೆ ಉಜ್ಜುವ ಅಂಚಿನಲ್ಲಿ ಮಾತ್ರ ಗುಳ್ಳೆಗಳಿಗೆ ಕೂತಲ್ಲಿ ಕೂರಲು ಬಿಡುವಿಲ್ಲ. ಒಂದು ಹಿಂದುಳಿಯುತ್ತದೆ, ಇನ್ನೊಂದು ಅದರ ಭುಜ ತಳ್ಳಿ ಮುಂದೆ ನುಸುಳುತ್ತದೆ, ನೆರೆಯವರು ಕ್ಷಣಕ್ಷಣಕ್ಕೂ ಬದಲಾಗುತ್ತಾರೆ, ಸಂತೆಯಲ್ಲಿ ಆದ ಹಾಗೆ. ಅತ್ತಿಗೆಯ ಎಳೆ ಆ ಸಂತೆಗೆ ಬಿದ್ದದ್ದೇ ಸರಿ, ಸಿಕ್ಕಿದ ಗುಳ್ಳೆಯ ಸೊಂಟ ಬಳಸಿತು, ಅದು ಬಿಟ್ಟರೆ ಮುಂದಿನದರ ಕೊರಳು ಹಿಡಿಯಿತು, ಬಾಗಿತು, ಮಡಿಚಿಕೊಂಡಿತು, ಎಲ್ಲರ ಕ್ಷೇಮಸಮಾಚಾರ ಕೇಳಿಕೊಂಡು ಹೊರಟಿತು. ನನ್ನದು ಬಾಗುವ ಜಾತಿಯೇ? ಒಂದು ತುದಿ ಕಲ್ಲಿನ ಕಡೆ, ಒಂದು ತುದಿ ನಡುವಿನ ಕಡೆ ಇದ್ದದ್ದಕ್ಕೆ ಗಡಿಯಾರದ ಮುಳ್ಳಿನಂತೆ ತಿರುಗಿತು. ಹತ್ತಾರು ಗುಳ್ಳೆ ಚುಚ್ಚಿ ಒಡೆಯಿತು, ತಿರುಗುತ್ತ ತಿರುಗುತ್ತ ಹೊಳೆಯ ನಡುವಿಗೆ ಹೋಗಿ ಬಿತ್ತು. ಅಲ್ಲಿಂದ ಮಹಾರಾಣಿಯ ಪಲ್ಲಕ್ಕಿ. ನನ್ನದು ಮಧ್ಯಾಹ್ನಕ್ಕೆ ಬಾಚಣಿಗೆ ಮುಟ್ಟಿತು. ಅತ್ತಿಗೆಯದು ಮರುದಿನ ಬೆಳಿಗ್ಗೆ ಬಂತು, ಒಂದು ದೊಡ್ಡ ಗುಳ್ಳೆಯ ಸುತ್ತ ಬೆಕ್ಕಿನ ಹಾಗೆ ಸುರುಳಿ ಸುತ್ತಿಕೊಂಡು. ಕರಿಬಸಪ್ಪನವರು ಎರಡನ್ನೂ ಎತ್ತಿ ನೋಡಿ, “ಯಾವುದು ಯಾರದ್ದು?” ಅಂತ ಕೇಳಿದರು. ಅದು ಅವರು ಕೇಳಲೇಬೇಕಾದ ಪ್ರಶ್ನೆ. ತನ್ನ ಎಳೆಯನ್ನು ತಾನು ಗುರುತಿಸಿ ಹೇಳದಿದ್ದರೆ ಹೆಣೆದದ್ದೂ ಹೆಣೆದದ್ದಲ್ಲ. “ಕಣ್ಣು ಕಟ್ಟಿದ್ರೂ ಹೇಳ್ತೀನಿ, ಚೆನ್ನಾಗಿರೋದು ನನ್ನದು,” ಅಂದೆ. “ಹೆಣೆದಿಲ್ಲ,” ಅಂದರು.

ಎರಡನೆಯ ಸಲ, ಸೀಳುಬಿದಿರಿನ ಉದ್ದ ಕೋಲಿಗೆ ಸಿಕ್ಕಿಸಿ ಎರಡೂ ಎಳೆಯನ್ನು ಹೊಳೆಯ ನಟ್ಟನಡುವೆಯೇ ಇಟ್ಟೆ. ಎರಡೂ ಒಟ್ಟಿಗೆ ಹೊರಟವು, ಒಟ್ಟಿಗೆ ಬಂದವು. ಆದರೆ ಬಿಟ್ಟಾಗ ಎರಡರ ನಡುವೆ ಎಷ್ಟು ಗುಳ್ಳೆ ಇತ್ತೋ ಬಂದಾಗಲೂ ಅಷ್ಟೇ. ಒಂದೇ ಗಾಡಿಯಲ್ಲಿ ಕೂತು ಇಡೀ ದಾರಿ ಬೇರೆ ಬೇರೆ ಕಡೆ ಮುಖ ಮಾಡಿಕೊಂಡ ಬೀಗಿತ್ತಿಯರ ಹಾಗೆ. “ಹೆಣೆದಿಲ್ಲ.”

ಆಮೇಲಿನದು ನನ್ನ ಬುದ್ಧಿವಂತಿಕೆಯ ಕೆಲಸ, ಅತ್ತಿಗೆಗೆ ಹೇಳದೆ ಮಾಡಿದ್ದು. ನನ್ನ ಎಳೆಗೆ ಎಣ್ಣೆ ಬೆರೆಸಿದ ಹಲಸಿನ ಮೇಣ ಸವರಿದೆ. ಅಂಟಿಕೊಂಡಾದರೂ ಬರಲಿ ಅಂತ. ಎಣ್ಣೆ ಕಂಡರೆ ನೊರೆಗೆ ಆಗುವುದಿಲ್ಲ ಅನ್ನುವುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆ ಗಳಿಗೆಯಲ್ಲಿ ನನಗೆ ಮರೆತುಹೋಗಿತ್ತು. ಎಳೆ ಮುಟ್ಟಿದ ಕಡೆಯೆಲ್ಲ ಗುಳ್ಳೆ ಪಟಪಟ ಒಡೆದು ಹೊಳೆಯಲ್ಲಿ ಒಂದು ತೂತು ಬಿತ್ತು. ಮನೆಯಷ್ಟು ಅಗಲ. ಆ ತೂತು ಊರ ಮುಂದೆಯೇ ಮೆರವಣಿಗೆ ಹೊರಟಿತು. ಜನ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು ನೋಡಿದರು. ಅತ್ತಿಗೆ ನನ್ನ ಕೈ ಹಿಡಿದು ಮೂಸಿ, “ಕಳ್ಳಿ,” ಅಂದಳು. ಬೈದದ್ದು ಅಷ್ಟೇ. ಆದರೆ ಮನೆಗೆ ಬಂದು ತನ್ನ ಹತ್ತಿಯ ಹಂಜಿಯ ಬುಟ್ಟಿ ಹತ್ತಿರ ಎಳೆದುಕೊಂಡು, “ಬಾ ಇಲ್ಲಿ, ನನ್ನ ಹಾಗೆ ನೂಲೋದು ಕಲಿ,” ಅಂದಳು.

ಕೇಳಿದಿರಾ? ಲೋಕದಲ್ಲೇ ಚೆನ್ನಾಗಿ ನೂಲುವವಳಿಗೆ ಲೋಕದಲ್ಲೇ ಕೆಟ್ಟದಾಗಿ ನೂಲುವವಳು ಪಾಠ ಹೇಳುತ್ತಾಳಂತೆ. ನಾನು ಕೂತೆ. ಹುರಿ ಕಡಿಮೆ ಮಾಡೋಣ ಅಂತ ರಾಟೆ ನಿಧಾನ ತಿರುಗಿಸಿದೆ. ನನ್ನ ಬೆರಳಿಗೆ ಅದು ಒಗ್ಗಬೇಕಲ್ಲ. ಎಳೆ ಸ್ವಲ್ಪ ಸಡಿಲವಾದರೆ ಹೆಬ್ಬೆರಳು ತಾನಾಗಿಯೇ ಹೋಗಿ ಬಿಗಿ ಮಾಡುತ್ತಿತ್ತು. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಮಾಗಿಯ ಚಳಿಯೆಲ್ಲ ಇದರಲ್ಲೇ ಕಳೆಯಿತು. ದಿನಕ್ಕೊಂದು ಜೋಡಿ ಬಿಟ್ಟೆವು. ದಿನಾ “ಹೆಣೆದಿಲ್ಲ.” ಕರಿಬಸಪ್ಪನವರು ಪಾಪ ಹೇಳುವಾಗ ನಮ್ಮ ಮುಖ ನೋಡುವುದನ್ನು ಬಿಟ್ಟರು. ಬಿಸಿಲು ಚುರುಕಾಗತೊಡಗಿತು. ನೊರೆ ಇವತ್ತು ನಿಂತೀತು, ನಾಳೆ ನಿಂತೀತು ಅನ್ನುವ ಹಾಗೆ ಸೋಮಾರಿಯಾಯಿತು. ಅತ್ತಿಗೆ ತನ್ನ ಸೀರೆಗಳನ್ನು ಮಡಿಚಿ ಒಂದು ಗಂಟು ಕಟ್ಟಿ ಬಾಗಿಲ ಪಕ್ಕ ಇಟ್ಟಳು. ನಾನು ಅದನ್ನು ಬಿಚ್ಚಿ ಒಳಗಿಟ್ಟೆ. ಅವಳು ಮತ್ತೆ ಕಟ್ಟಿದಳು.

“ನೀನು ನೂಲುವಾಗ ಯಾಕೆ ಬಾಯಿ ಮುಚ್ಕೊಂಡಿರ್ತೀಯ?” ಅಂತ ಅವಳೇ ಒಂದು ದಿನ ಕೇಳಿದಳು. ಅದು ನಿಜ. ಎದ್ದಾಗ ಕೂತಾಗ ಉಂಡಾಗ ಮಾತಾಡುವ ನಾನು ರಾಟೆಯ ಮುಂದೆ ಮಾತ್ರ ತುಟಿ ಬಿಗಿದುಕೊಂಡಿರುತ್ತೇನೆ. ಕೈಯ ಕೆಲಸಕ್ಕೆ ಉಸಿರು ತಾಕಬಾರದು ಅಂತ ನಮ್ಮಮ್ಮ ಕಲಿಸಿದ್ದು. “ನಾನು ನೂಲುವಾಗ ಮಾತಾಡ್ತೀನಿ,” ಅಂದಳು ಅತ್ತಿಗೆ. “ನಕ್ಕಾಗ ಕೈ ನಡುಗಿ ದಪ್ಪ ಆಗ್ತದೆ. ಸಿಟ್ಟು ಬಂದಾಗ ಸಣ್ಣ ಆಗ್ತದೆ. ಯಾರಾದರೂ ಬಾಗಿಲಿಗೆ ಬಂದರೆ ತಿರುಗಿ ನೋಡ್ತೀನಿ, ಅಲ್ಲೊಂದು ಗಂಟು. ನೀನೂ ಮಾತಾಡು. ನಿನಗೆ ಬಾರದ ವಿದ್ಯೆಯೇನಲ್ಲ.”

ಮಾತಾಡು ಅಂದರೆ ನನಗೆ ಏನು ಬರುತ್ತದೆ? ಕೊಚ್ಚಿಕೊಳ್ಳುವುದು ಬರುತ್ತದೆ. ರಾಟೆ ತಿರುಗಿಸುತ್ತಾ ಶುರುಮಾಡಿದೆ. ಎಮ್ಮೆಯ ಕಥೆ ಹೇಳಿದೆ. ಅವಳು “ಗೂಟ ಅಲ್ಲ, ನೂಲೇ ಕಿತ್ತದ್ದು,” ಅಂದಳು. ಅದಕ್ಕೆ ಜಗಳ ಆಡಿದೆ, ಕೈ ಅತ್ತಿತ್ತ ಆಯಿತು. ಅಣ್ಣ ಚಿಕ್ಕವನಿದ್ದಾಗ ನನಗಾಗಿ ಕೊಡದಲ್ಲಿ ನೊರೆ ತುಂಬಿಕೊಂಡು ಬಂದು, ಮನೆ ಮುಟ್ಟುವಾಗ ಬರೀ ಒಂದು ಚಮಚ ನೀರು ಉಳಿದಿದ್ದಕ್ಕೆ ಕೊಡವನ್ನೇ ಒದ್ದ ಕಥೆ ಹೇಳಿದೆ. ಇದು ಅತ್ತಿಗೆಗೆ ಗೊತ್ತಿರಲಿಲ್ಲ. ನಕ್ಕಳು, ನಕ್ಕು ನಕ್ಕು ಆಮೇಲೆ ಮೂಗು ಒರೆಸಿಕೊಂಡಳು. “ಈಗಲೂ ತಟ್ಟೆ ಮೂರೇ ಹಾಕ್ತೀಯಲ್ಲ ನೀನು,” ಅಂದೆ. “ನೀನು ನೋಡಿದ್ದೀಯಾ?” ಅಂದಳು. “ನಾನು ನೋಡದ್ದು ಈ ಮನೇಲಿ ಏನಿದೆ?” ಅಂದೆ. ಹಾಗೇ ಮಾತು ಹರಿದು, ಅದು ಹೇಗೆ ಬಾಯಿಂದ ಬಿತ್ತೋ ಗೊತ್ತಿಲ್ಲ, “ನೀನು ಹೋದರೆ ನಾನು ಯಾರ ಹತ್ತಿರ ಕೊಚ್ಚಿಕೊಳ್ಳಲಿ ಅತ್ತಿಗೆ? ಊರವರು ನಂಬಿಬಿಡ್ತಾರೆ. ನಂಬದೆ ಇರೋಕೆ ಮನೇಲಿ ಒಬ್ಬರು ಬೇಕು,” ಅಂದೆ.

ನನ್ನ ಬೆರಳಿನಲ್ಲಿದ್ದ ಎಳೆ ಅಷ್ಟರಲ್ಲಿ ಸೊಳ್ಳೆ ಕಚ್ಚಿದ ಜಾಗದ ಹಾಗೆ ಊದಿಕೊಂಡಿತ್ತು. ಸುತ್ತಿ ತೆಗೆದು ನೋಡಿದೆ. ಅಯ್ಯೋ ದೇವರೇ, ಅಂಥ ಅಸಹ್ಯವಾದ ನೂಲನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಅತ್ತಿಗೆಗೂ ತೋರಿಸದೆ, ಬೆಳಿಗ್ಗೆ ಬಿಡಲು ಅದನ್ನೇ ಸೆರಗಿನ ತುದಿಗೆ ಕಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಎದ್ದಾಗ ಅತ್ತಿಗೆ ಬಾಗಿಲ ಬೆಳಕಿನಲ್ಲಿ ನನಗೆ ಬೆನ್ನು ಮಾಡಿ ಕೂತು ಆಗಲೇ ತನ್ನ ಎಳೆ ನೂತು ಮುಗಿಸುತ್ತಿದ್ದಳು. ಮಾತಿಲ್ಲ ಕತೆಯಿಲ್ಲ. ಕರೆದರೆ ತಿರುಗಲೂ ಇಲ್ಲ. ಸೀರೆಯ ಗಂಟಿನ ಕಡೆ ಮನಸ್ಸಿರಬೇಕು ಅಂದುಕೊಂಡು ಸುಮ್ಮನಾದೆ. ಇಬ್ಬರೂ ಹೋಗಿ ಅಂಚಿಗೇ ಬಿಟ್ಟೆವು, ಅವಳು ತನ್ನದನ್ನು ಮುಷ್ಟಿಯೊಳಗಿಂದಲೇ ಜಾರಿಸಿದಳು. ಎರಡೂ ಎಳೆ ಕಲ್ಲಿನ ಬದಿಯ ಆ ಸಂತೆಯೊಳಗೆ ಮುಳುಗಿದವು. ಊರಿನ ನಡುವಿನವರೆಗೆ ಬಂದಿರಬೇಕು, ಅಷ್ಟರಲ್ಲಿ ನೊರೆ ನಿಂತುಬಿಟ್ಟಿತು.

ಅದು ನಿಲ್ಲುವುದು ಗೊತ್ತಾಗುವುದು ಸದ್ದಿನಿಂದ. ವರ್ಷವೆಲ್ಲ ಕಿವಿಯಲ್ಲಿ ಕೂತಿರುವ ಆ ಸುಯ್ಯೆನ್ನುವುದು ಇಲ್ಲವಾಗುತ್ತದೆ, ದೂರದ ಮಗುವಿನ ಅಳು ಪಕ್ಕದಲ್ಲೇ ಕೇಳುತ್ತದೆ. ಜನ ಕೂಗಿಕೊಂಡು ಬುತ್ತಿ ಹಿಡಿದುಕೊಂಡು ಎರಡೂ ಕಡೆಯಿಂದ ಇಳಿದರು. ನಮ್ಮ ನೂಲು ಮಾತ್ರ ಎಲ್ಲಿತ್ತೋ ಅಲ್ಲೇ ನಿಂತಿತು. ನಿಂತ ನೊರೆಯಲ್ಲಿ ಯಾವುದೂ ಮುಳುಗುವುದಿಲ್ಲ, ಯಾವುದೂ ತೇಲುವುದಿಲ್ಲ. ಕೈಬಿಟ್ಟ ಸೂಜಿಯೂ ಅಲ್ಲೇ ತೂಗುತ್ತದೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಅಂಚಿನಲ್ಲಿ ಹುಡುಕುತ್ತಾ ಹೋದೆ. ಗುಳ್ಳೆಗಳು ಒಂದನ್ನೊಂದು ನುಂಗುತ್ತಾ ಬಿಂದಿಗೆಯಷ್ಟು ಬೆಳೆದಿದ್ದವು. ಅಂಥ ಎರಡು ಗುಳ್ಳೆಗಳ ಗೋಡೆಯಲ್ಲಿ ಎರಡೂ ಎಳೆ ಕಂಡವು, ನೊರೆ ಮೆತ್ತಿ ಯಾವುದು ಸಣ್ಣ ಯಾವುದು ದಪ್ಪ ಅಂತ ನನ್ನ ಕಣ್ಣಿಗೂ ತಿಳಿಯದ ಹಾಗೆ. ಒಂದರ ಪಕ್ಕ ಒಂದು, ನಡುವೆ ಒಂದು ಗುಳ್ಳೆ. ಹೆಣೆದಿರಲಿಲ್ಲ. ಬೆರಳು ಚಾಚಿದರೆ ಸಾಕಿತ್ತು. ಹಿಂದೆ ತಿರುಗಿ ನೋಡಿದರೆ ಕಟ್ಟೆಯ ಮೇಲೆ ಕರಿಬಸಪ್ಪನವರು ನಿಂತಿದ್ದರು. “ಕೈ ತಾಕಿದ್ರೆ ಲೆಕ್ಕಕ್ಕಿಲ್ಲ ತುಂಗಮ್ಮನವರೇ,” ಅಂದರು. ಕೈ ಸೆರಗಿನೊಳಗೆ ಇಟ್ಟುಕೊಂಡೆ.

ಅಷ್ಟರಲ್ಲಿ ಆಚೆದಡದಿಂದ ಅತ್ತಿಗೆಯ ತಮ್ಮಂದಿರಿಬ್ಬರೂ ಬಂದರು. ದೊಡ್ಡವನ ಹೆಸರು ಸೋಮಶೆಟ್ಟಿ. ಮೈಗೆಲ್ಲ ನೊರೆ ಮೆತ್ತಿಕೊಂಡು, ಕೈಯಲ್ಲಿ ಹೊಸ ಸೀರೆ ಎತ್ತಿ ಹಿಡಿದುಕೊಂಡು ಬಂದಿದ್ದ. “ಅಕ್ಕಾ, ನಿನಗೆ ಕೋಣೆಗೆ ಸುಣ್ಣ ಹೊಡೆಸಿದ್ದೀವಿ. ಹೊರಡು,” ಅಂದ. ಒಳ್ಳೆಯ ಮನುಷ್ಯ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಕರಿಬಸಪ್ಪನವರು ಗಂಟಲು ಸರಿಮಾಡಿಕೊಂಡು ಅವರ ಜನ್ಮದಲ್ಲೇ ಉದ್ದವಾದ ಮಾತಾಡಿದರು: “ಎಳೆ ಇನ್ನೂ ಹೊಳೇಲಿದೆ. ಹೆಣೆದಿದೆ ಅಂತಲೂ ಹೇಳೋ ಹಾಗಿಲ್ಲ, ಹೆಣೆದಿಲ್ಲ ಅಂತಲೂ ಹೇಳೋ ಹಾಗಿಲ್ಲ. ಬೇಕಾದ್ರೆ ಕಾಯಬಹುದು.” “ಅದು ಬಾಚಣಿಗೆ ಮುಟ್ಟೋದು ನೊರೆ ಹೊರಟ ಮೇಲೆ ಅಲ್ವಾ ಸ್ವಾಮಿ?” ಅಂದ ಸೋಮಶೆಟ್ಟಿ. “ನೊರೆ ಹೊರಟ ಮೇಲೆ ಅಕ್ಕ ದಾಟೋದು ಹೇಗೆ? ಹೆಣೆಯದೆ ಬಂದ್ರೆ ಅವಳ ಗತಿ?”

ಗತಿ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಆಚೆಗೂ ಹೋಗದ, ಈಚೆಗೂ ಸೇರದ ಹೆಂಗಸಿಗೆ ಬಾಚಣಿಗೆಯ ಪಕ್ಕದ ಕಲ್ಲುಮಂಟಪ. ಒಂದು ವರ್ಷ ಅಲ್ಲಿ, ಯಾರ ಒಲೆಯ ಮುಂದೆಯೂ ಕೂರುವ ಹಾಗಿಲ್ಲ, ಯಾರನ್ನೂ ಅಕ್ಕ ತಂಗಿ ಅನ್ನುವ ಹಾಗಿಲ್ಲ.

ನಾನು ಅತ್ತಿಗೆಯ ಕೈ ಹಿಡಿದು ಪಕ್ಕಕ್ಕೆ ಕರೆದೆ. “ಹೋಗು ಅತ್ತಿಗೆ,” ಅಂದೆ. “ನೋಡಿ ಬಂದೆ, ಹೆಣೆದಿಲ್ಲ. ನನ್ನ ನೂಲು ನಂಬಬೇಡ. ಅದರಲ್ಲಿ ಏನೂ ಇಲ್ಲ. ಆ ಎಮ್ಮೆ ಕೂಡ, ನೂಲೇ ಕಿತ್ತದ್ದು.” ಅವಳು ನನ್ನ ಮುಖವನ್ನೇ ನೋಡಿದಳು, ಯಾವ ಊರಿನವಳು ಇವಳು ಅನ್ನುವ ಹಾಗೆ. ಆಮೇಲೆ ಹೋಗಿ ತಮ್ಮನ ಕೈಯಿಂದ ಸೀರೆ ತೆಗೆದುಕೊಂಡಳು. ನನ್ನ ಜೀವ ಕಾಲಿನ ಬೆರಳಿಗೆ ಇಳಿಯಿತು. ಸೀರೆಯನ್ನು ಕಣ್ಣಿಗೊತ್ತಿಕೊಂಡು, “ಚೆನ್ನಾಗಿದೆ ಕಣಪ್ಪ. ಇಲ್ಲೇ ಉಡ್ತೀನಿ. ನಾನು ಕಾಯ್ತೀನಿ,” ಅಂದಳು. ನನ್ನ ಕಡೆ ತಿರುಗಿ, “ಇಷ್ಟು ವರ್ಷ ಗೂಟ ಅಂದೆ, ನಂಬ್ಲಿಲ್ಲ. ಈಗ ನೂಲು ಅಂತೀಯ, ಇದನ್ನೂ ನಂಬಲ್ಲ,” ಅಂದಳು. ಹೋಗಿ ಕಟ್ಟಕಡೆಯ ಮೆಟ್ಟಿಲ ಮೇಲೆ ಕೂತಳು. ಸೋಮಶೆಟ್ಟಿ ಬಹಳ ಹೊತ್ತು ಅವಳ ಕಾಲ ಬಳಿ ಕೂತಿದ್ದ. ನಾನು ಮನೆಯಿಂದ ರೊಟ್ಟಿ ತಂದೆ, ಯಾರೂ ತಿನ್ನಲಿಲ್ಲ. ಅದು ಸೀದಿತ್ತು ಅಂತಲ್ಲ.

ಬಿಸಿಲು ಓರೆಯಾಗುವಾಗ ಹೊಳೆ ಒಮ್ಮೆ ನಡುಗಿತು. ಜನ ಗದ್ದಲ ಮಾಡಿಕೊಂಡು ತಂತಮ್ಮ ದಡ ಹತ್ತಿದರು. ತಮ್ಮಂದಿರು ಅಕ್ಕನ ಕಾಲು ಮುಟ್ಟಿ ಓಡಿದರು, ಆಚೆಯ ಮೆಟ್ಟಿಲು ಹತ್ತಿ ತಿರುಗಿ ನಿಂತರು. ನೊರೆ ಹೊರಟಿತು. ಇನ್ನು ಅತ್ತಿಗೆಗೆ ಹಿಂದೆ ಹೋಗುವ ದಾರಿ ಇರಲಿಲ್ಲ.

ನಾವು ಬಾಚಣಿಗೆಯ ಬಳಿ ಹೋಗಿ ನಿಂತೆವು, ನಮ್ಮ ಹಿಂದೆ ಅರ್ಧ ಊರು. ನನ್ನ ಹತ್ತಿರ ನೂಲುವುದು ಕಲಿಯಲು ಬರುತ್ತಿದ್ದ ಹೆಣ್ಣುಮಕ್ಕಳೆಲ್ಲ ಬಂದಿದ್ದರು. ಗಂಟಲಿನ ಬಾಯಲ್ಲಿ ನೊರೆ ಇಕ್ಕಟ್ಟಾಗಿ, ದೊಡ್ಡ ಗುಳ್ಳೆಗಳೆಲ್ಲ ಉದ್ದುದ್ದ ಹಿಗ್ಗಿ, ಸೀಳಿ, ಒಂದರ ಮೇಲೊಂದು ಬೀಳುತ್ತಿದ್ದವು. ಅಲ್ಲಿ ಯಾರೂ ದೂರ ನಿಲ್ಲುವ ಹಾಗಿಲ್ಲ. ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚಲಿಲ್ಲ. ಮುಚ್ಚಿಕೊಂಡೆ ಅಂತ ಅವಳು ಹೇಳುತ್ತಾಳೆ, ಕಣ್ಣು ಮುಚ್ಚಿದ್ದವಳಿಗೆ ಹೇಗೆ ಕಂಡಿತೋ.

ಬಾಚಣಿಗೆಯ ಹಲ್ಲಿಗೆ ಏನೋ ಸಿಕ್ಕಿಕೊಂಡಿತು. ಕರಿಬಸಪ್ಪನವರು ಬಗ್ಗಿ ಎರಡು ಬೆರಳಲ್ಲಿ ಎತ್ತಿದರು. ನೀರು ತೊಟ್ಟಿಕ್ಕುತ್ತಿತ್ತು. ಒಂದು ಎಳೆ ನೆಟ್ಟಗೆ, ಸಣ್ಣಗೆ, ಬಿಗಿಯಾಗಿ ಇತ್ತು. ಇನ್ನೊಂದು, ಗಂಟುಗಂಟಾದದ್ದು, ಅದನ್ನು ತುದಿಯಿಂದ ತುದಿಯವರೆಗೆ ಅವರೆ ಬಳ್ಳಿ ಕೋಲನ್ನು ಹಬ್ಬುವ ಹಾಗೆ ಸುತ್ತಿಕೊಂಡಿತ್ತು. ಜನ ಹೋ ಅಂದರು. ಕರಿಬಸಪ್ಪನವರು ಕೈಯೆತ್ತಿ ಸುಮ್ಮನಿರಿಸಿ ತಮ್ಮ ಪ್ರಶ್ನೆ ಕೇಳಿದರು. ಆದರೆ ಕೇಳುವಾಗಲೇ ನನಗೆ ಸಹಾಯವಾಗಲಿ ಅಂತಲೋ ಏನೋ ಸಣ್ಣ ಎಳೆಯನ್ನು ನನ್ನ ಕಡೆ ಹಿಡಿದರು. “ಯಾವುದು ಯಾರದ್ದು?”

ಹಿಂದಿನಿಂದ ಯಾರೋ ಹುಡುಗಿ, “ಕೇಳೋದೇನು, ತುಂಗಮ್ಮನೋರ ಎಳೆ ದೂರದಿಂದ್ಲೇ ಗೊತ್ತಾಗ್ತದೆ,” ಅಂದಳು. ಆಗ ನನಗೆ ಅರ್ಥವಾಯಿತು. ಬೆಳಿಗ್ಗೆ ಬೆನ್ನು ತಿರುಗಿಸಿಕೊಂಡು, ತುಟಿ ಬಿಗಿದುಕೊಂಡು, ಆ ಹೆಂಗಸು ನನ್ನ ಹಾಗೆ ನೂತಿದ್ದಳು. ನನ್ನ ಕೈ ಸಡಿಲವಾಗದಿದ್ದರೆ ಏನು ಗತಿ ಅಂತ, ಎರಡು ಬಿಗಿ ಎಳೆಗಳಾದರೂ ಒಟ್ಟಿಗೆ ಸಾಗಲಿ ಅಂತ, ತನಗೆ ಬಾರದ ಹುರಿಯನ್ನು ಬೆರಳು ಸವೆಸಿ ಹಾಕಿದ್ದಳು. ಅವಳ ಹೆಬ್ಬೆರಳು ನೋಡಿದೆ. ತುದಿ ಒಡೆದು ಕೆಂಪಗಿತ್ತು.

ಇಡೀ ಊರು ನನ್ನ ಬಾಯಿ ನೋಡುತ್ತಿತ್ತು. “ಆ ಗಂಟುಗಂಟಾಗಿರೋದು ನನ್ನದು,” ಅಂದೆ.

“ಸರಿಯಾಗಿ ನೋಡಿ ತುಂಗಮ್ಮನವರೇ,” ಅಂದರು ಕರಿಬಸಪ್ಪನವರು, ತಗ್ಗಿದ ದನಿಯಲ್ಲಿ. “ನೋಡಿದ್ದೀನಿ. ಇಲ್ಲಿ ದಪ್ಪಗಿದೆಯಲ್ಲ, ಇಲ್ಲಿ ಅತ್ತಿಗೆ ಜೊತೆ ಜಗಳ ಆಡಿದ್ದು. ಇದು ನಮ್ಮಣ್ಣ ಕೊಡ ಒದ್ದದ್ದು. ಇಲ್ಲಿ ಊದಿಕೊಂಡಿದೆಯಲ್ಲ...” ಅಂದೆ. ಅಲ್ಲಿ ಏನು ಅಂತ ಊರ ಮುಂದೆ ಹೇಳಲು ಆಗಲಿಲ್ಲ. ಅತ್ತಿಗೆ ಮುಂದೆ ಬಂದು ಆ ಗಂಟಿನ ಮೇಲೆ ಬೆರಳಿಟ್ಟು, “ಇದು ನನಗೆ ಗೊತ್ತು. ನಾನಿದ್ದೆ,” ಅಂದಳು. ನನ್ನ ಶಿಷ್ಯೆಯರಲ್ಲಿ ಒಬ್ಬಳು ಕಿಸಕ್ಕೆಂದು ನಕ್ಕಳು. ನಾನು ತಿರುಗಿ ಅವಳನ್ನೂ ಊರನ್ನೂ ಒಟ್ಟಿಗೆ ನೋಡಿದೆ. “ನಗು, ನಗು. ಇಷ್ಟು ಕೆಟ್ಟ ನೂಲು ತೆಗೆಯೋಕೆ ಈ ಎರಡು ದಡದಲ್ಲಿ ಇನ್ನೊಬ್ಬರಿಂದ ಆಗಲ್ಲ,” ಅಂದೆ.

“ಹುಟ್ಟಿದಾಗಿಂದ ಇವಳು ಕೊಚ್ಚಿಕೊಂಡಿದ್ದರಲ್ಲಿ ಇದೊಂದು ನಿಜ,” ಅಂದಳು ಅತ್ತಿಗೆ. ಕರಿಬಸಪ್ಪನವರು ಜೋಡಿಯನ್ನು ಅವಳ ಅಂಗೈಯಲ್ಲಿ ಇಟ್ಟು, “ಹೆಣೆದಿದೆ,” ಅಂದರು. ಆಚೆದಡದಲ್ಲಿ ಸೋಮಶೆಟ್ಟಿ ತನ್ನ ಒದ್ದೆ ಟವಲ್ಲು ತಲೆಯ ಮೇಲೆ ತಿರುಗಿಸುತ್ತಾ ಕುಣಿಯುತ್ತಿದ್ದ.

ನಾವಿಬ್ಬರೂ ಕಟ್ಟೆಯ ಮೇಲೆ ಮನೆಗೆ ನಡೆದೆವು. ಅವಳು ಹೊಸ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಮೆಟ್ಟಿಲು ಒದ್ದೆಯಾಗಿತ್ತು, ಜಾರಬಾರದಲ್ಲ, ಅದಕ್ಕೆ. ಮನೆಯ ಬಾಗಿಲು ಬರುವವರೆಗೂ ನಾನು ಒಂದೇ ಒಂದು ಮಾತೂ ಆಡಲಿಲ್ಲ. ಈ ಕಥೆಯಲ್ಲಿ ಬೇರೆ ಏನನ್ನು ಬೇಕಾದರೂ ನಂಬುತ್ತಾರೆ, ಇದನ್ನು ಮಾತ್ರ ನಮ್ಮೂರಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.